ಅರ್ಧ ಮಿಲಿಮೀಟರ್ ತಡ

"ನಿಲ್ಸು. ಅಲ್ಲೇ ನಿಲ್ಸು," ಎಂದೆ.

ನಾದಿನಿ ಕೀಲಿಮಣೆಯಿಂದ ಬೆರಳು ತೆಗೆದಳು. ಪರದೆಯ ಮೇಲೆ ಮಿನುಗುತ್ತಿದ್ದ ಬಿಳಿ ಚುಕ್ಕಿಗಳು ಇದ್ದಲ್ಲೇ ನಿಂತವು.

"ಇನ್ನೊಂದು ಸಲ ಹಿಂದಕ್ಕೆ ಕರ್ಕೊಂಡು ಹೋಗು. ಹರಳಿಗೆ ಏಟು ಬೀಳೋದು ಯಾವಾಗ?"

"ಈ ಕೆಂಪು ಗೆರೆ ಬಂದಾಗ."

"ಚುಕ್ಕಿ ಅಲುಗಿದ್ದು ಯಾವಾಗ?"

ಅವಳು ಚಿತ್ರವನ್ನು ಹಿಂದಕ್ಕೆ ಓಡಿಸಿದಳು. ಬಾಯಲ್ಲಿ ಹೇಳಬೇಕಾಗಿರಲಿಲ್ಲ, ನನ್ನ ಕಣ್ಣು ಇನ್ನೂ ನೆಟ್ಟಗಿವೆ. ಕೆಂಪು ಗೆರೆ ಬರುವುದಕ್ಕೆ ಮೊದಲೇ ಚುಕ್ಕಿಗಳು ಮಂಕಾಗಿ, ಹೊಳೆದು, ಮತ್ತೆ ಮಂಕಾಗಿದ್ದವು. ಹೊಡೆಯುವವನು ಕೈ ಎತ್ತುವ ಮೊದಲೇ ಪರಮಾಣುಗಳು ಪೆಟ್ಟು ತಿಂದು ತೂಗಾಡುತ್ತಿದ್ದವು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದೆ.

"ಹೂಂ ಅತ್ತಿಗೆ. ಆ ದಿನ ಪ್ರಯೋಗ ನೋಡೋಕೆ ಬಂದಿದ್ದ ಅತಿಥಿಗಳು ನಕ್ಕಿದ್ದೂ ಅದಕ್ಕೇ."

ಆ ನಗು ಕೇಳಿಯೇ ಅವಳ ಮೇಷ್ಟ್ರು ಲೇಸರ್ ಕೋಣೆಗೆ ನುಗ್ಗಿದ್ದು, ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿ ಮೇಜಿನ ಮೇಲೆ ಬಗ್ಗಿದ್ದು, ಎಲ್ಲಿಂದಲೋ ಚಿಮ್ಮಿದ ಕಾಣದ ಬೆಳಕೊಂದು ಅವರ ಬಲಗಣ್ಣಿಗೆ ಬಡಿದದ್ದು. ಯಂತ್ರ ನಡೆಸುತ್ತಿದ್ದವಳು ನನ್ನ ನಾದಿನಿ, ಆದ್ದರಿಂದ ತಪ್ಪು ಅವಳದೇ ಎಂದು ವರದಿ ಬರೆದಾಗಿತ್ತು. ಈ ಮಧ್ಯಾಹ್ನ ಸಂಸ್ಥೆಯ ವಿಚಾರಣಾ ಸಮಿತಿ ಆ ವರದಿಗೆ ಹೂಂ ಅಂದುಬಿಟ್ಟರೆ ಇನ್ನು ಯಾವ ಪ್ರಯೋಗಾಲಯವೂ ಅವಳನ್ನು ಬಾಗಿಲಿನೊಳಗೆ ಬಿಡುವುದಿಲ್ಲ.

ಪತ್ತೇದಾರಿಕೆ ನನ್ನ ಕಸುಬು. ಶಾಲೆಯಲ್ಲಿ ವಿಜ್ಞಾನದ ಪಾಠ ಶುರುವಾದರೆ ನನಗೆ ಆಕಳಿಕೆ ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ನನ್ನ ಮನೆಯ ಹುಡುಗಿಯ ಮೇಲೆ ಯಾರಾದರೂ ಗೂಬೆ ಕೂರಿಸಿದರೆ ಆಕಳಿಕೆ ತಾನಾಗಿ ನಿಂತುಹೋಗುತ್ತದೆ.

"ನನ್ನ ತಲೆಗೆ ಹೋಗೋ ಹಾಗೆ ಹೇಳು," ಎಂದೆ. "ನಿಮ್ಮಣ್ಣನಿಗೆ ಹೇಳ್ತೀಯಲ್ಲ, ಹಾಗೆ."

"ಅಣ್ಣನಿಗೆ ಹೇಳೋಕೆ ಹೋದ್ರೆ ನಿದ್ದೆ ಮಾಡಿಬಿಡ್ತಾನೆ."

"ನಾನು ಮಾತಾಡಿದ್ರೂ ಮಾಡ್ತಾರೆ. ಅದನ್ನೇನು ಮನಸ್ಸಿಗೆ ಹಚ್ಕೋಬೇಡ. ಹೇಳು."

ಅವಳು ಮೊದಲ ಸಲ ಸ್ವಲ್ಪ ನಕ್ಕಳು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

"ಲೇಸರಿಂದ ಒಂದು ಮಿಂಚು ಹೊರಡತ್ತೆ. ಎಷ್ಟು ಗಿಡ್ಡ ಮಿಂಚು ಅಂದ್ರೆ, ಅದು ಇರೋ ಹೊತ್ತಲ್ಲಿ ಬೆಳಕು ಕೂಡ ಒಂದು ಕೂದಲಿನ ದಪ್ಪ ದಾಟಲ್ಲ. ಆ ಮಿಂಚನ್ನ ಎರಡು ಪಾಲು ಮಾಡ್ತೀವಿ. ಅಣ್ಣ, ತಮ್ಮ ಅಂತಿಟ್ಕೊಳ್ಳಿ. ಅಣ್ಣ ಹೋಗಿ ಹರಳಿಗೆ ಹೊಡೀತಾನೆ. ಒಳಗಿರೋ ಪರಮಾಣುಗಳೆಲ್ಲ ಒಟ್ಟಿಗೆ ತೂಗೋಕೆ ಶುರು ಮಾಡ್ತವೆ. ತಮ್ಮ ಒಂದು ಹಿಡಿ ಎಲೆಕ್ಟ್ರಾನ್ ಎಬ್ಬಿಸಿ ಅದೇ ಹರಳಿನ ಮೂಲಕ ತೂರಿ, ಪರಮಾಣುಗಳು ಎಲ್ಲಿವೆ ಅಂತ ಫೋಟೋ ತೆಗೀತಾನೆ."

"ಒಂದೇ ಫೋಟೋ?"

"ಒಂದು ಸಲಕ್ಕೆ ಒಂದೇ. ಆಮೇಲೆ ತಮ್ಮನ್ನ ಸ್ವಲ್ಪ ತಡ ಮಾಡಿ ಕಳಿಸ್ತೀವಿ, ಇನ್ನೊಂದು ಫೋಟೋ. ಇನ್ನೂ ಸ್ವಲ್ಪ ತಡ, ಇನ್ನೊಂದು. ಎಲ್ಲಾ ಜೋಡಿಸಿದ್ರೆ ಸಿನಿಮಾ. ಪರಮಾಣು ಅಲುಗೋದನ್ನ ಅಲುಗಿದ ಹಾಗೇ ನೋಡಬಹುದು."

"ತಡ ಮಾಡೋದು ಹೇಗೆ? ಗಡಿಯಾರ ಇಟ್ಕೊಂಡಾ?"

"ಅಷ್ಟು ಚುರುಕಿನ ಗಡಿಯಾರ ಎಲ್ಲಿದೆ ಅತ್ತಿಗೆ? ಅವನ ದಾರಿ ಉದ್ದ ಮಾಡ್ತೀವಿ. ದಾರೀಲಿರೋ ಕನ್ನಡೀನ ಚೂರು ಹಿಂದಕ್ಕೆ ಸರಿಸಿದ್ರೆ ಸಾಕು. ದಾರಿ ಎಷ್ಟು ಉದ್ದ ಆಯ್ತೋ ತಮ್ಮ ಅಷ್ಟು ತಡ."

ನಾನು ಪರದೆಯನ್ನು ಮತ್ತೊಮ್ಮೆ ನೋಡಿದೆ. ಅವಳು ಹಳೆಯ ಚಿತ್ರವೊಂದನ್ನು ಹಾಕಿದಳು, ಎಲ್ಲ ಸರಿಯಿದ್ದ ದಿನದ್ದು. ಗೆರೆ ಬಂತು, ಆಮೇಲೆ ಚುಕ್ಕಿಗಳು ಒಟ್ಟಿಗೆ ಉಸಿರಾಡಿದವು. ಸಣ್ಣ ಹುಡುಗಿಯಾಗಿದ್ದಾಗ ನಮ್ಮ ಮನೆಯ ಮಂಚದ ಕೆಳಗೆ ಅಡಗುತ್ತಿದ್ದವಳು ಇದನ್ನು ಮಾಡಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ಸಿಟ್ಟೂ ಬಂತು.

"ಹಾಗಾದ್ರೆ ಆ ದಿನ ಪರಮಾಣುಗಳು ಎಷ್ಟು ಹೊತ್ತು ಮುಂಚೆ ಅಲುಗಿದ್ವು?"

"ಒಂದು ಮಿಲಿಮೀಟರ್."

"ನಾನು ಹೊತ್ತು ಕೇಳಿದ್ದು. ನೀನು ಬಟ್ಟೆ ಅಂಗಡಿಯವನ ಹಾಗೆ ಅಳತೆ ಹೇಳ್ತಿದ್ದೀಯಲ್ಲ."

"ಅಯ್ಯೋ, ಅಭ್ಯಾಸ. ಅದಕ್ಕೆ ಫೆಮ್ಟೊಸೆಕೆಂಡ್ ಅಂತ ಲೆಕ್ಕ ಇದೆ, ಆದ್ರೆ ಕೈಯಾರೆ ಸರಿಸೋದು ಕನ್ನಡೀನ ತಾನೆ? ಅದಕ್ಕೆ ಈ ಕೋಣೇಲಿ ಎಲ್ಲರೂ ತಡಾನ ಮಿಲಿಮೀಟರಲ್ಲೇ ಹೇಳೋದು. ಹೊರಗೆ ಬಂದು ಹೇಳಿದ್ರೆ ಜನ ನಗ್ತಾರೆ."

ನಾವೆಲ್ಲ ಅಂಗಡಿ ಎಷ್ಟು ದೂರ ಎಂದರೆ ಹತ್ತು ನಿಮಿಷ ಎನ್ನುವವರು. ಇವರು ಎಷ್ಟು ಹೊತ್ತು ಎಂದರೆ ಇಷ್ಟು ದೂರ ಎನ್ನುವವರು. ತಿರುಗಾಮುರುಗಾ ಜನ ಎಂದುಕೊಂಡೆ, ಆ ಮಾತನ್ನು ಮನಸ್ಸಿನ ಗಂಟಿಗೆ ಹಾಕಿಕೊಂಡೆ.

"ಪರಮಾಣು ಸುಳ್ಳು ಹೇಳಲ್ಲ ಅಲ್ವಾ?"

"ಇಲ್ಲ."

"ಹೊಡೆಯೋಕೆ ಮುಂಚೆ ಅಲುಗೋಕೂ ಆಗಲ್ಲ."

"ಆಗಲ್ಲ."

"ಅಂದ್ರೆ ತಮ್ಮ ನೀವು ಅಂದ್ಕೊಂಡ ಹೊತ್ತಿಗೆ ಬಂದಿಲ್ಲ. ನಿಮ್ಮ ಲೆಕ್ಕದಲ್ಲಿ ಅಣ್ಣನಿಗಿಂತ ಮುಂಚೆ ಬಂದ. ನಿಜದಲ್ಲಿ ದಾರೀಲಿ ತಡವಾಗಿ, ಅಣ್ಣ ಹೊಡೆದ ಮೇಲೆ ಬಂದ. ತಡ ಮಾಡಿದ್ದು ಯಾರು?"

ನಾದಿನಿ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಗಾಜು," ಎಂದಳು.

"ಗಾಜಾ?"

"ಬೆಳಕು ಗಾಜಿನೊಳಗೆ ನಿಧಾನ. ತಮ್ಮನ ದಾರೀಲಿ ಒಂದು ಗಾಜು ನಿಲ್ಸಿದ್ರೆ ಕನ್ನಡಿ ಸರಿಸಿದ ಹಾಗೇ ಆಗತ್ತೆ. ಮೇಷ್ಟ್ರು ನಮಗೆಲ್ಲ ಹಾಗೇ ಪರೀಕ್ಷೆ ಮಾಡ್ತಿದ್ರು. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬರೋ ಜಾಗಕ್ಕೆ ಸೊನ್ನೆ ಅಂತೀವಿ. ದಿನಾ ಬೆಳಗ್ಗೆ ಸೊನ್ನೆ ಹುಡುಕಿನೇ ಕೆಲಸ ಶುರು ಮಾಡಬೇಕು, ನಿನ್ನೆಯ ಸೊನ್ನೆ ನಂಬಬಾರದು. ಯಾರು ಸೋಮಾರಿತನ ಮಾಡ್ತಾರೆ ಅಂತ ನೋಡೋಕೆ ಅವರು ಹೇಳದೆ ಕೇಳದೆ ಒಂದು ಗಾಜು ಇಟ್ಟುಬಿಡ್ತಿದ್ರು. ಸೊನ್ನೆ ಹುಡುಕಿದವರು ತಕ್ಷಣ ಹಿಡೀತಾರೆ. ಹುಡುಕದವರ ಸಿನಿಮಾದಲ್ಲಿ ಏಟಿಗಿಂತ ಮುಂಚೆ ಪರಮಾಣು ಕುಣಿಯತ್ತೆ, ಎಲ್ಲರೂ ನಗ್ತಾರೆ."

"ನೀನು ಸಿಕ್ಕಿಬಿದ್ದಿದ್ದೆಯಾ?"

"ಒಂದು ಸಲಾನೂ ಇಲ್ಲ. ಅವರ ಹುಟ್ಟಿದ ದಿನ ನಾವೇ ಅವರಿಗೆ ಗಾಜು ಇಟ್ಟಿದ್ವಿ. ಅರೆಗಳಿಗೇಲಿ ಹಿಡಿದು, ಅದನ್ನೇ ನಮ್ಮ ಕೈಗೆ ಉಡುಗೊರೆ ಅಂತ ಕೊಟ್ರು." ಅವಳು ಪೆನ್ನನ್ನು ಪಕ್ಕಕ್ಕೆ ಸರಿಸಿದಳು. "ಕಣ್ಣಿಗೆ ಪೆಟ್ಟಾದ ದಿನಾನೇ ಅವರಿಗೆ ಇಲ್ಲಿನ ಕೆಲಸದ ಕೊನೇ ದಿನ ಅತ್ತಿಗೆ. ಇವತ್ತು ಸೊನ್ನೆ ನಾನೇ ನೋಡ್ಕೋತೀನಿ, ನೀನು ಮುಟ್ಟಬೇಡ ಅಂದಿದ್ರು. ಅತಿಥಿಗಳು ಬೇಗ ಬಂದುಬಿಟ್ರು, ಮೇಷ್ಟ್ರು ಅವರ ಜೊತೆ ಮಾತಿಗೆ ಕೂತ್ರು. ನಿನ್ನೆಯ ಸೊನ್ನೇನೇ ನಂಬಿಬಿಟ್ರು."

"ಗಾಜಿಗೆ ಬಡಿದ ಬೆಳಕೆಲ್ಲ ಮುಂದಕ್ಕೇ ಹೋಗತ್ತಾ?"

"ಇಲ್ಲ. ಸ್ವಲ್ಪ ಪಕ್ಕಕ್ಕೆ ಚಿಮ್ಮತ್ತೆ."

ನಾನು ಎದ್ದು ನಿಂತೆ. ಈ ಮೂರು ದಿನ ಇಡೀ ಕಟ್ಟಡ ಆ ಬೆಳಕು ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡಿತ್ತು. ಉತ್ತರ ಆ ಬೆಳಗ್ಗೆಯ ಚಿತ್ರದಲ್ಲೇ ಇತ್ತು. ಎಲ್ಲರೂ ಅದನ್ನು ನಾದಿನಿಯ ಎಡವಟ್ಟು ಎಂದು ಮೂಲೆಗೆ ಸರಿಸಿದ್ದರು. ಪರಮಾಣುಗಳು ಮಾತ್ರ ಕಂಡದ್ದನ್ನು ಕಂಡ ಹಾಗೆ ಹೇಳಿದ್ದವು.

"ಗಾಜು ಇಟ್ಟವರೇ ಕಣ್ಣಿಗೆ ಹೊಡೆದವರು," ಎಂದೆ. "ಎಷ್ಟು ದಪ್ಪದ ಗಾಜು ಅದು?"

"ಅದು... ಗಾಜಿನ ಜಾತಿ ಮೇಲೆ ಹೋಗತ್ತೆ. ಸರಿಯಾಗಿ ಹೇಳೋಕಾಗಲ್ಲ." ಅವಳು ಪರದೆಯನ್ನು ಆರಿಸಿದಳು. "ಅತ್ತಿಗೆ, ಈ ಗಾಜಿನ ವಿಷಯ ಸಮಿತಿ ಮುಂದೆ ಬೇಡ."

"ಯಾಕೆ ಬೇಡ?"

"ಯಾರೂ ನಂಬಲ್ಲ. ಬಿಟ್ಟುಬಿಡಿ. ನಾನು ಬೇರೆ ಏನಾದ್ರೂ ಕೆಲಸ ನೋಡ್ಕೋತೀನಿ."

ಹೆದರಿದ್ದಾಳೆ, ಪಾಪ ಎಂದುಕೊಂಡೆ. ಹೆದರಿದವರ ಮಾತು ಕೇಳಿ ಕೂತಿದ್ದರೆ ನನ್ನ ಕಸುಬು ಎಂದೋ ಮುಚ್ಚಿಹೋಗುತ್ತಿತ್ತು. ಮೇಜಿನ ಮೇಲೆ ಒಂದು ಪುಟ್ಟ ದುಂಡು ಕನ್ನಡಿ ಇತ್ತು. ಯೋಚನೆಯಲ್ಲಿ ಅದನ್ನು ಎತ್ತಿಕೊಂಡೆ, ನನ್ನ ಹೆಬ್ಬೆರಳಿನ ಗುರುತು ಬಿದ್ದಿತು, ಅಂಗಿಯ ತೋಳಿನಿಂದ ಒರೆಸಲು ಹೋದೆ.

"ಒರೆಸಬೇಡಿ," ಎಂದು ನಾದಿನಿ ನನ್ನ ಮಣಿಕಟ್ಟು ಹಿಡಿದೇಬಿಟ್ಟಳು. "ಒರೆಸಿದ್ರೆ ಗೀರು ಬೀಳತ್ತೆ. ಕೊಡಿ ಇಲ್ಲಿ."

ಅವಳು ಕನ್ನಡಿಯನ್ನು ಅಂಚಿನಲ್ಲಿ ಹಿಡಿದಳು. ಅದರ ಮೇಲೆ ತೆಳ್ಳನೆಯ ಕಾಗದ ಹಾಸಿ, ಸ್ಪಿರಿಟ್ಟಿನ ಒಂದು ತೊಟ್ಟು ಬಿಟ್ಟು, ಕಾಗದವನ್ನು ಒಂದೇ ಕಡೆಗೆ ಮೆಲ್ಲಗೆ ಎಳೆದಳು. ಒತ್ತಲಿಲ್ಲ, ಉಜ್ಜಲಿಲ್ಲ. ಗುರುತು ಮಾಯವಾಯಿತು.

"ಮನೇಲಿ ಕಿಟಕೀನೂ ಹೀಗೇ ಒರೆಸ್ತೀಯಾ?"

"ನನ್ನ ಕನ್ನಡಕಾನೂ ಹೀಗೇ. ಮೇಷ್ಟ್ರ ಕೈಕೆಳಗೆ ಕಲಿತವರಿಗೆ ಬೇರೆ ಥರ ಕೈ ಓಡಲ್ಲ."

ಅದನ್ನೂ ಗಂಟಿಗೆ ಹಾಕಿಕೊಂಡೆ.

ಹೊರಗೆ ಬರುತ್ತಿದ್ದಂತೆ ಸಮಿತಿಯ ಅಧ್ಯಕ್ಷೆ ಎದುರಾದರು. ಬಿಳಿಗೂದಲಿನ, ನೇರ ಮಾತಿನ ಹೆಂಗಸು. ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ.

"ನಿಮ್ಮ ನಾದಿನಿ ಪರವಾಗಿ ಏನಾದ್ರೂ ಇದೆಯಾ? ಊಟ ಮುಗಿಸಿ ಕೂರ್ತೀವಿ. ಮರುಕದ ಮಾತು ಬೇಡ."

"ಮರುಕ ನನಗೂ ಬರಲ್ಲ. ಯಾರೋ ಬೆಳಕಿನ ದಾರೀಲಿ ಗಾಜು ಇಟ್ಟಿದ್ರು. ಆ ಗಾಜೇ ಮೇಷ್ಟ್ರ ಕಣ್ಣಿಗೆ ಹೊಡೆದಿದ್ದು."

ಅವರು ಹುಬ್ಬು ಗಂಟಿಕ್ಕಿದರು. "ಯಾರು ಇಟ್ಟಿದ್ದು?"

"ಸಮಿತಿ ಕೂರೋದ್ರೊಳಗೆ ಇಟ್ಟವರನ್ನೇ ಕರ್ಕೊಂಡು ಬರ್ತೀನಿ. ಅವರ ಬಾಯಿಂದಲೇ ಕೇಳಿ."

"ಗಾಜು ಇಟ್ಟವರು ಯಾರೇ ಆಗಿರಲಿ, ಈ ಸಂಸ್ಥೇಲಿ ಅವರಿಗೆ ಜಾಗ ಇಲ್ಲ. ಅದು ನನ್ನ ಮಾತು."

"ಆ ಮಾತು ನೆನಪಿಟ್ಕೊಂಡಿರಿ," ಎಂದೆ.

ನಾದಿನಿ ನನ್ನ ತೋಳು ಹಿಡಿದು ಎಳೆದಳು. ನಾನು ಕೊಸರಿಕೊಂಡೆ.

ಲೇಸರ್ ಕೋಣೆಗೆ ಬೀಗ ಹಾಕಿ ಮೊಹರು ಮಾಡಿದವರು, ವರದಿ ಬರೆದವರು, ಇಬ್ಬರೂ ಒಬ್ಬರೇ: ಸುರಕ್ಷತಾ ಅಧಿಕಾರಿ. ಮೆಟ್ಟಿಲ ಹತ್ತಿರ ಜೋಪಾನ, ತಂತಿ ಜೋಪಾನ, ಬಿಸಿ ನೀರು ಜೋಪಾನ ಎಂದು ದಿನವಿಡೀ ಹೇಳಿ ಹೇಳಿ ಅವರಿಗೆ ಜೋಪಾನ ಸಾಹೇಬರು ಎಂದೇ ಹೆಸರು ಬಿದ್ದಿತ್ತು. ಮೆತ್ತಗಿನ ಮನುಷ್ಯ, ನಿವೃತ್ತಿಯ ಅಂಚಿನ ವಯಸ್ಸು. ನಾನು ಹೋದದ್ದು ಬೀಗದಕೈ ಕೇಳಲು. ಅವರ ಮೇಲೆ ನನಗೆ ಅನುಮಾನವಿತ್ತು ಎಂದರೆ ಬುರುಡೆಯಾದೀತು.

ನಾದಿನಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಚಿಕ್ಕ ಕೋಣೆ, ಗೋಡೆಯ ತುಂಬ ಎಚ್ಚರಿಕೆಯ ಚಿತ್ರಗಳು, ಕಿಟಕಿಯಲ್ಲಿ ಒಂದು ಬೆಂಕಿ ಆರಿಸುವ ಕೆಂಪು ಸಿಲಿಂಡರ್.

"ಬನ್ನಿ ಮೇಡಂ. ಹೊಸ್ತಿಲು ಸ್ವಲ್ಪ ಎತ್ತರ, ಜೋಪಾನ."

ಅವರು ತಮ್ಮ ಕನ್ನಡಕವನ್ನು ಶುಚಿ ಮಾಡುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡವಳು ಅರ್ಧದಲ್ಲೇ ನಿಂತೆ. ಅವರು ಗಾಜನ್ನು ಅಂಚಿನಲ್ಲಿ ಹಿಡಿದಿದ್ದರು. ಮೇಲೆ ತೆಳು ಕಾಗದ ಹಾಸಿ, ಒಂದು ತೊಟ್ಟು ಬಿಟ್ಟು, ಒಂದೇ ಕಡೆಗೆ ಮೆಲ್ಲಗೆ ಎಳೆದರು. ಒತ್ತಲಿಲ್ಲ, ಉಜ್ಜಲಿಲ್ಲ.

ನಾನು ಏನೂ ಕಾಣದವಳ ಹಾಗೆ ಕೂತೆ.

"ವರದಿ ಚೆನ್ನಾಗಿ ಬರೆದಿದ್ದೀರಿ ಸಾಹೇಬ್ರೇ. ಯಂತ್ರದ ಒಳಗಿನ ವಿಷಯ ಮಾತ್ರ ಎಲ್ಲೂ ಇಲ್ಲ."

"ನಾನು ಆಡಳಿತದ ಕಡೆಯವನು. ಲೇಸರ್ ಗೀಸರ್ ನನಗೇನು ಗೊತ್ತಾಗತ್ತೆ? ಬಾಗಿಲು, ಬೀಗ, ಕನ್ನಡಕ ಹಾಕಿದ್ರೋ ಇಲ್ವೋ, ಅಷ್ಟೇ ನನ್ನ ಕೆಲಸ."

"ನಿಜ, ನಿಜ. ನನಗೂ ಗೊತ್ತಾಗಲ್ಲ. ಅತಿಥಿಗಳು ಯಾಕೆ ನಕ್ಕರು ಅನ್ನೋದೇ ಈವರೆಗೆ ಬಗೆಹರಿದಿಲ್ಲ."

"ನಗದೆ ಏನು ಮಾಡ್ತಾರೆ? ಪರಮಾಣು ಮುಂಚೇನೇ ಕುಣೀತು. ಅರ್ಧ ಮಿಲಿಮೀಟರ್ ತಡ ಇದ್ರೂ ಚಿತ್ರದಲ್ಲಿ ಕಣ್ಣಿಗೆ ರಾಚತ್ತೆ, ಯಂತ್ರದ ಮುಂದೆ ಕೂತವಳು ನೋಡ್ಕೋಬಾರದಿತ್ತಾ?"

"ಎಷ್ಟು ತಡ?"

"ಅದೇ, ಅರ್ಧ..." ಅವರು ಕನ್ನಡಕವನ್ನು ಮೂಗಿಗೇರಿಸಿದರು. "ಸ್ವಲ್ಪ ತಡ."

"ಅಲ್ಲ ಸಾಹೇಬ್ರೇ, ಮೊದಲು ಅಂದದ್ದೇ ಚೆನ್ನಾಗಿತ್ತು. ನನ್ನ ಗಂಡ ಎಷ್ಟೋ ಸಲ ಮನೆಗೆ ತಡವಾಗಿ ಬಂದಿದ್ದಾರೆ, ನಾನು ಬೈದಿದ್ದೂ ಉಂಟು. ಅರ್ಧ ಮಿಲಿಮೀಟರ್ ತಡವಾಗಿ ಬಂದ್ರಿ ಅಂತ ಮಾತ್ರ ಯಾವತ್ತೂ ಬೈದಿಲ್ಲ. ತಡಾನ ಹಾಗೆ ಅಳೆಯೋರು ಒಂದೇ ಜಾತಿ ಜನ. ಆ ಜಾತೀಲಿ ಆಡಳಿತದವರು ಇಲ್ಲ."

"ಯಾರ ಬಾಯಲ್ಲೋ ಕೇಳಿದ್ದು. ಇಲ್ಲಿ ಎಲ್ಲರೂ ಹಾಗೇ ಅಂತಾರೆ."

"ಬಾಯಿ ಕೇಳಿ ಕಲಿಯುತ್ತೆ, ಒಪ್ಪಿದೆ. ಕೈ ಯಾರಿಂದ ಕಲೀತು? ಕನ್ನಡಕಾನ ನನ್ನ ಹಾಗೆ ತೋಳಿಗೆ ಉಜ್ಜೋದು ಬಿಟ್ಟು, ಕಾಗದ ಹಾಸಿ ಎಳೆಯೋದನ್ನ?"

ಅವರು ಉತ್ತರ ಹುಡುಕುತ್ತಿದ್ದರು. ಹುಡುಕಲು ಬಿಟ್ಟರೆ ಸಿಕ್ಕಿಬಿಡುತ್ತದೆ, ಆದ್ದರಿಂದ ನಾನು ಬಿಡಲಿಲ್ಲ. ನನ್ನ ಹತ್ತಿರ ಇನ್ನೇನೂ ಇರಲಿಲ್ಲ ಎನ್ನುವುದು ಬೇರೆ ಮಾತು.

"ಆ ಗಾಜಿನ ಮೇಲೆ ಬೆರಳಿನ ಗುರುತು ಸಿಗಲ್ಲ ಅಂತ ಗೊತ್ತು," ಎಂದೆ. "ನೀವು ಅಂಚಲ್ಲಿ ಹಿಡಿಯೋರು. ಆದ್ರೆ ಅಷ್ಟು ಜೋಪಾನದ ಮನುಷ್ಯ ಅದನ್ನ ಕಸದ ಬುಟ್ಟಿಗೆ ಎಸೆದಿರಲ್ಲ. ಯಾರಾದ್ರೂ ಕೈ ಕುಯ್ಕೊಂಡ್ರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಹೇಬರ ಎಡಗೈ ತಾನಾಗಿ ಮೇಜಿನ ಕೆಳಗಿನ ಖಾನೆಯ ಹಿಡಿಯ ಮೇಲೆ ಹೋಗಿ ಕೂತಿತು.

ನಾನು ಆ ಕೈಯನ್ನೇ ನೋಡಿದೆ. ಅವರೂ ನೋಡಿಕೊಂಡರು. ಹೊರಗೆ ಯಾರೋ ಕಾರಿಡಾರಿನಲ್ಲಿ ತಟ್ಟೆಗಳ ಬಂಡಿ ತಳ್ಳಿಕೊಂಡು ಹೋದರು.

"ನಾನೇ ತೆಗೀಲಾ, ನೀವೇ ತೆಗೀತೀರಾ?"

ಅವರೇ ತೆಗೆದರು. ತೆಳು ಕಾಗದದಲ್ಲಿ ಮಗುವಿನ ಹಾಗೆ ಸುತ್ತಿಟ್ಟಿದ್ದ ಒಂದು ಗಾಜಿನ ಪಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಇಡುವ ಸಾದಾ ಸ್ಲೈಡು. ಮೇಜಿನ ಮೇಲೆ ಇಟ್ಟು ಅವರು ಕಿಟಕಿಯ ಕಡೆ ನೋಡಿದರು.

"ನಾನೂ ಮೇಷ್ಟ್ರ ಶಿಷ್ಯ ಮೇಡಂ," ಎಂದರು. "ಮೊದಲನೇ ತಂಡ. ಈ ಕಟ್ಟಡ ಆಗ ಇರಲಿಲ್ಲ. ಒಂದು ದಿನ ಜ್ವರ ಬಂದಿತ್ತು. ಸೊನ್ನೆ ಹುಡುಕೋಕೆ ಮೈಯಲ್ಲಿ ಶಕ್ತಿ ಇರಲಿಲ್ಲ, ನಿನ್ನೇದೇ ಇರಲಿ ಅಂತ ಬಿಟ್ಟೆ. ಅವರು ಗಾಜು ಇಟ್ಟಿದ್ರು. ಸಂಜೆ ತುಂಬಿದ ಸಭೇಲಿ ನನ್ನ ಚಿತ್ರ ತೋರಿಸಿದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ನನಗೆ ಬಿದ್ದ ಹೆಸರೇ ಅರ್ಧ ಮಿಲಿಮೀಟರ್. ಊಟಕ್ಕೆ ಹೋದ್ರೂ ಅದೇ, ನೀರು ಕುಡಿಯೋಕೆ ಹೋದ್ರೂ ಅದೇ. ಒಂದು ತಿಂಗಳು ತಡೆದುಕೊಂಡೆ, ಆಮೇಲೆ ಆಡಳಿತಕ್ಕೆ ಹೋಗಿಬಿಟ್ಟೆ."

"ಅದಕ್ಕೆ ಕಣ್ಣು ತೆಗೆಯೋದಾ?"

"ದೇವರಾಣೆ ಇಲ್ಲ." ಅವರ ದನಿ ಮೊದಲ ಸಲ ಏರಿತು. "ಅವರ ಕೊನೇ ದಿನ ಒಂದು ಸಲ ಅವರೂ ನಗೆಪಾಟಲಾಗಲಿ ಅಂತ. ಒಂದೇ ಸಲ. ಎಲ್ಲರೂ ಅತಿಥಿಗಳಿಗೆ ಮಹಡಿ ತೋರಿಸ್ತಿದ್ದಾಗ ಬೀಗ ತೆಗೆದು ಒಳಗೆ ಹೋಗಿ ಇಟ್ಟೆ. ನಮ್ಮ ಕಾಲದಲ್ಲಿ ಮಿಂಚು ಕೆಂಪಗಿರ್ತಿತ್ತು ಮೇಡಂ. ಗಾಜಿಗೆ ತಾಗಿ ಎಲ್ಲಿಗೆ ಚಿಮ್ಮಿದ್ರೂ ಗೋಡೆ ಮೇಲೆ ಕೆಂಪು ಚುಕ್ಕಿ ಕಾಣ್ತಿತ್ತು. ನಾನು ಗೋಡೆ ನೋಡಿದೆ, ಏನೂ ಕಾಣಲಿಲ್ಲ, ಸರಿ ಅಂದ್ಕೊಂಡೆ. ಈಗಿನದು ಕಣ್ಣಿಗೇ ಕಾಣದ ಬೆಳಕು ಅನ್ನೋದು ಹೊಳೀಲೇ ಇಲ್ಲ. ಅದನ್ನೇ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದವನು ನಾನೇ."

ನನಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ, ಆದರೆ ಅದರ ಜೊತೆಗೆ ನಾದಿನಿಯ ಮೂರು ದಿನದ ಮುಖವೂ ಕಣ್ಣ ಮುಂದೆ ಬಂತು.

"ಮೇಷ್ಟ್ರ ಮೇಲಿನ ಸಿಟ್ಟು ಅರ್ಥ ಆಯ್ತು. ನಮ್ಮ ಹುಡುಗಿ ಏನು ಮಾಡಿದ್ಲು ನಿಮಗೆ? ಅವಳ ತಲೆಗೆ ಯಾಕೆ ಕಟ್ಟಿದ್ರಿ?"

"ಭಯ," ಎಂದರು. "ಬರೆದು ಮುಗಿಸಿದಾಗಿನಿಂದ ಊಟ ಸೇರ್ತಿಲ್ಲ. ನಡೀರಿ, ಎಲ್ಲಿಗೆ ಬೇಕಾದ್ರೂ ಬಂದು ಹೇಳ್ತೀನಿ."

ಅಂತೂ ಮುಗಿಯಿತು. ಗೆದ್ದಾಗ ಸುಮ್ಮನಿರುವ ದೊಡ್ಡ ಗುಣ ನನಗಿಲ್ಲ. ಬಾಗಿಲು ತೆಗೆದು ನಾದಿನಿಯನ್ನು ಒಳಗೆ ಕರೆದೆ.

"ಬಾ ಇಲ್ಲಿ. ನೋಡು ನಿನ್ನ ಗಾಜು. ಸಾಹೇಬ್ರು ಒಪ್ಕೊಂಡಿದ್ದಾರೆ. ನಿನ್ನ ಪರಮಾಣುಗಳು ಹೇಳಿದ ಸಾಕ್ಷಿ ನಿಜ ಆಯ್ತು. ಒಂದು ಮಿಲಿಮೀಟರಿನ ಲೆಕ್ಕ ಚುಕ್ತಾ."

ಅವಳು ಹೊಸ್ತಿಲಲ್ಲೇ ನಿಂತಳು. ಮೇಜಿನ ಮೇಲಿನ ಸ್ಲೈಡನ್ನು ನೋಡಿದಳು. ಕುಣಿಯುತ್ತಾಳೆ ಎಂದುಕೊಂಡಿದ್ದೆ, ಕನಿಷ್ಠ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಒಂದಲ್ಲ ಮೇಡಂ," ಎಂದರು ಸಾಹೇಬರು. "ಅರ್ಧ."

"ಏನು ಅರ್ಧ?"

"ಈ ಗಾಜಿಗೆ ತಡ ಆಗೋದು ಅರ್ಧ ಮಿಲಿಮೀಟರ್. ಸ್ಲೈಡಿನ ದಪ್ಪ ಒಂದು ಮಿಲಿಮೀಟರ್, ಅದರಲ್ಲಿ ತಡ ಆಗೋದು ಅರ್ಧ. ನನಗೆ ಹೆಸರು ಬಿದ್ದಿದ್ದೇ ಅದಕ್ಕೆ. ನಾನು ಇಟ್ಟಿದ್ದು ಒಂದೇ ಸ್ಲೈಡು, ಕೋಣೆಗೆ ಮೊಹರು ಹಾಕೋ ಮುಂಚೆ ತೆಗೆದಿದ್ದೂ ಒಂದೇ. ಒಂದು ಮಿಲಿಮೀಟರ್ ಅಂತ ಯಾರು ಹೇಳಿದ್ರು?"

ಅವರ ಬಾಯಿಂದ ಜಾರಿದ ಮಾತಿನಲ್ಲಿ ನಾನು ಮಿಲಿಮೀಟರನ್ನು ಹಿಡಿದಿದ್ದೆ. ಪಕ್ಕದಲ್ಲೇ ಕೂತಿದ್ದ ಅರ್ಧವನ್ನು ಬಿಟ್ಟುಬಿಟ್ಟಿದ್ದೆ.

"ಪರಮಾಣು ಹೇಳಿದ್ವು," ಎಂದೆ, ಮತ್ತು ನಾದಿನಿಯ ಕಡೆ ತಿರುಗಿದೆ. "ಹೇಳೇ ಇವರಿಗೆ. ಒಂದು ತಾನೆ? ಸುಳ್ಳು ಹೇಳ್ತಿದ್ದಾರೆ ತಾನೆ?"

"ಇಲ್ಲ ಅತ್ತಿಗೆ. ಅವರು ಹೇಳ್ತಿರೋದು ನಿಜ."

"ಹಾಗಾದ್ರೆ ಉಳಿದ ಅರ್ಧ?"

ಅವಳು ತನ್ನ ಕೋಟಿನ ಒಳಜೇಬಿಗೆ ಕೈ ಹಾಕಿದಳು. ತೆಳು ಕಾಗದದಲ್ಲಿ ಸುತ್ತಿದ್ದ ಇನ್ನೊಂದು ಸ್ಲೈಡನ್ನು, ಅಂಚಿನಲ್ಲಿ ಹಿಡಿದು, ಮೊದಲಿನದರ ಪಕ್ಕದಲ್ಲಿ ಇಟ್ಟಳು.

"ಇದು ನಂದು," ಎಂದಳು. "ಬೆಳಗ್ಗೆ ಬಂದ ತಕ್ಷಣ ಇಟ್ಟೆ. ಕೊನೇ ದಿನ ಅಲ್ವಾ, ಹುಟ್ಟಿದ ದಿನದ ಹಾಗೆ ಅರೆಗಳಿಗೇಲಿ ಹಿಡೀತಾರೆ, ನಗ್ತಾರೆ ಅಂತ. ಅವರು ಸೊನ್ನೆ ನೋಡಲೇ ಇಲ್ಲ. ಅತಿಥಿಗಳ ಎದುರಿಗೆ ಹೇಗೆ ಹೇಳೋದು ಅಂತ ಬಾಯಿ ಬರಲಿಲ್ಲ. ಅವರು ಕನ್ನಡಕ ಎತ್ತಿ ಬಗ್ಗಿದ್ದೇ ಗಾಜು ಹುಡುಕೋಕೆ ಅತ್ತಿಗೆ. ಆ ಬಣ್ಣದ ಕನ್ನಡಕದಲ್ಲಿ ಗಾಜು ಕಾಣಲ್ಲ. ಅವರು ಕಣ್ಣು ಮುಚ್ಕೊಂಡು ಕೆಳಗೆ ಕೂತಾಗ ಮೊದಲು ನಾನು ಲೇಸರ್ ಆರಿಸಿದೆ. ಆಮೇಲೆ ಇದನ್ನ ತೆಗೆದು ಜೇಬಿಗೆ ಹಾಕ್ಕೊಂಡೆ. ಸಹಾಯಕ್ಕೆ ಕೂಗಿದ್ದು ಅದಾದ ಮೇಲೆ."

ಮೂರು ದಿನ ಅವಳ ಪಕ್ಕದಲ್ಲೇ ಕೂತಿದ್ದೆ. ಗಾಜಿನ ಮಾತು ಬೇಡ ಎಂದು ಅವಳು ಕೈ ಹಿಡಿದು ಎಳೆದಾಗ ಕೊಸರಿಕೊಂಡು ಮುಂದೆ ಹೋಗಿದ್ದೆ.

ಜೋಪಾನ ಸಾಹೇಬರು ಎರಡೂ ಸ್ಲೈಡುಗಳ ಮೇಲೆ ಬಗ್ಗಿದರು. ಅವರ ದನಿಯಲ್ಲಿ ಈಗ ಹಳೆಯ ಶಿಷ್ಯನ ಕುತೂಹಲವಿತ್ತು. "ನೀನು ಎಲ್ಲಿಟ್ಟಿದ್ದೆ ಮಗು?"

"ಎರಡನೇ ಕನ್ನಡಿ ದಾಟಿದ ಮೇಲೆ. ನೀವು?"

"ಎರಡನೇ ಕನ್ನಡಿಗೆ ಸ್ವಲ್ಪ ಮುಂಚೆ."

"ಮೇಷ್ಟ್ರು ಬಗ್ಗಿದ್ದು ಸರಿಯಾಗಿ ಅಲ್ಲೇ."

"ಹಾಗಾದ್ರೆ ಯಾವುದು..." ಎಂದು ಅವರು ಶುರು ಮಾಡಿ, ನಿಲ್ಲಿಸಿದರು.

ಗಾಜು ಎರಡು, ಕಣ್ಣು ಒಂದು. ಎರಡರಲ್ಲಿ ಒಂದು ಮೇಷ್ಟ್ರ ಕಣ್ಣಿಗೆ ಹೊಡೆದಿತ್ತು, ಇನ್ನೊಂದು ಬರೀ ತಮಾಷೆಯಾಗಿ ಉಳಿದಿತ್ತು. ಹೊಡೆದ ಗಾಜು ಯಾರದು ಎಂಬುದಕ್ಕೂ ಉತ್ತರ ಆ ಚಿತ್ರದಲ್ಲೇ ಎಲ್ಲೋ ಇರಬೇಕು, ಅಗೆದು ತೆಗೆಯುವೆ ಎಂಬ ಛಲ ನನ್ನೊಳಗೆ ಆಗಲೇ ಎದ್ದಿತ್ತು. ಅದಕ್ಕೆ ಒಂದು ದಿನವಾದರೂ ಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಬಾಗಿಲು ಬಡಿಯಿತು. ಅಧ್ಯಕ್ಷೆಯ ಜವಾನ ತಲೆ ಒಳಗೆ ಹಾಕಿದ.

"ಸಮಿತಿ ಕೂತಿದೆ. ಬೇಗ ಬರಬೇಕಂತೆ," ಎಂದ. "ಗಾಜು ಇಟ್ಟವರನ್ನೂ ಕರ್ಕೊಂಡು ಬರ್ತೀನಿ ಅಂದಿದ್ರಂತಲ್ಲ ಮೇಡಂ, ಅವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಕೋಣೆಯಲ್ಲಿದ್ದ ಇಬ್ಬರೂ ಒಂದೊಂದು ಗಾಜು ಕೈಗೆತ್ತಿಕೊಂಡು ಅವನ ಕಡೆ ನಡೆದರು.